ಶಾಲೆಯಿಂದ ನಡೆದು ಬರಲು ಮಗು ತಕರಾರು ಮಾಡಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ತಾಲ್ಲೂಕಿನ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದು ಎಲ್ಲರೂ ಎದ್ದ ಮೇಲೆ, ಒಬ್ಬಿಬ್ಬರು ತಾಯಂದಿರು ಹಿಂದೆ ಉಳಿದು ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆಗಳಿವು. ನನ್ನ ಇಬ್ಬರು ಮಕ್ಕಳೂ ನಡೆದೇ ಶಾಲೆಗೆ ಹೋದವರು, ಇಬ್ಬರೂ ತಕರಾರು ಮಾಡಿದವರು. ಹಾಗಾಗಿ ಉತ್ತರಗಳಲ್ಲಿ ಮೇಷ್ಟರಿಕೆಗಿಂತ ತಾಯ್ತನವೇ ಹೆಚ್ಚಿದೆ.

ದಿನಾ ಸಂಜೆ ಒಂದೇ ರಾಗ. "ಕಾಲು ನೋವು, ನಡೆಯಲಾರೆ" ಎನ್ನುತ್ತಾಳೆ. ಇದು ಹಟವೋ, ನಿಜವೋ?

ಆ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ಆರೇಳು ವರ್ಷದ ಮಗುವಿಗೆ ತನ್ನ ಸಂಕಟಕ್ಕೆ ಹೆಸರಿಡಲು ಬರುವುದಿಲ್ಲ. ಹಸಿವಾದರೂ ಕಾಲು ನೋವು, ಹೆದರಿಕೆಯಾದರೂ ಕಾಲು ನೋವು, ಗೆಳತಿ ಮಾತು ಬಿಟ್ಟರೂ ಕಾಲು ನೋವು. ದೂರು ಸುಳ್ಳಲ್ಲ, ಅದರ ಹೆಸರು ಮಾತ್ರ ಬೇರೆ.

ನನ್ನ ಮಗಳು ಎರಡನೆಯ ತರಗತಿಯಲ್ಲಿದ್ದಾಗಿನ ಮಾತು. ಶಾಲೆಯಿಂದ ಮನೆಗೆ ಒಂದೂವರೆ ಕಿಲೋಮೀಟರ್. ನಾನು ಬೇರೆ ಊರಿನ ಶಾಲೆಯಲ್ಲಿದ್ದೆ, ಮನೆ ಸೇರುವಾಗ ಆರು ಗಂಟೆಯಾಗುತ್ತಿತ್ತು. ಅವಳು ವಾರದಲ್ಲಿ ಒಂದೇ ಒಂದು ದಿನ ಅತ್ತುಕೊಂಡು ಬರುತ್ತಿದ್ದಳು. ಅದು ಸಂತೆಯ ದಿನ ಎಂಬುದು ಹೊಳೆಯಲು ನನಗೆ ಒಂದು ತಿಂಗಳು ಬೇಕಾಯಿತು. ರಜೆ ಹಾಕಿ ಅವಳ ಜೊತೆ ನಡೆದೆ. ಸಂತೆಮಾಳ ದಾಟುವವರೆಗೆ ನನ್ನ ಬೆರಳು ಹಿಡಿದು ಕುಪ್ಪಳಿಸುತ್ತಿದ್ದವಳು, ಮದ್ಯದಂಗಡಿ ಕಂಡದ್ದೇ ಕೈ ಬಿಗಿ ಮಾಡಿದಳು. ಅಂಗಡಿಯ ಮುಂದೆ ಏಳೆಂಟು ಗಂಡಸರು ಗುಂಪಾಗಿ ನಿಂತು ಜೋರಾಗಿ ಮಾತನಾಡುತ್ತಿದ್ದರು. ಇವಳು ನನ್ನ ಇನ್ನೊಂದು ಪಕ್ಕಕ್ಕೆ ಬಂದು, ಸೆರಗಿನ ಮರೆಯಲ್ಲಿ ತಲೆ ತಗ್ಗಿಸಿ, ಹೆಚ್ಚೂಕಡಿಮೆ ಓಡಿದಳು. ಇಪ್ಪತ್ತು ಹೆಜ್ಜೆ ಕಳೆದ ಮೇಲೆ ತಲೆ ಎತ್ತಿ, "ಅಮ್ಮಾ, ಈಗ ಕಾಲು ನೋವಿಲ್ಲ" ಎಂದಳು.

ಮುಂದಿನ ವಾರದಿಂದ ಸಂತೆಯ ದಿನ ಏಳನೆಯ ತರಗತಿಯ ಇಬ್ಬರು ಹುಡುಗಿಯರ ಜೊತೆ ದೇವಸ್ಥಾನದ ಹಿಂದಿನ ದಾರಿಯಲ್ಲಿ ಬರುವ ಏರ್ಪಾಡು ಮಾಡಿದೆ. ಆ ದಾರಿ ಮೊದಲಿನದಕ್ಕಿಂತ ಉದ್ದ. ಆದರೆ ಒಂದು ದಿನವೂ ಅವಳು ಕಾಲು ನೋವು ಎನ್ನಲಿಲ್ಲ.

ಹಾಗಾದರೆ ಮೊದಲು ಏನು ಮಾಡಬೇಕು?

ಒಂದು ಸಂಜೆ ಮಗುವಿನ ಜೊತೆ ನಡೆಯಿರಿ. ಬೈಕಿನಲ್ಲಿ ಒಂದು ಸುತ್ತು ಹೋಗಿ ಬಂದರೆ ದಾರಿ ಕಾಣುವುದಿಲ್ಲ. ಗಂಟೆ ಹೊಡೆದ ಮೇಲೆ ಮಗು ಹೊರಡುವ ಹೊತ್ತಿಗೇ ಹೊರಡಿ, ಮಗುವಿನ ಚೀಲವನ್ನು ನಿಮ್ಮ ಹೆಗಲಿಗೆ ಹಾಕಿಕೊಳ್ಳಿ, ಅದು ಹೋದ ಕಡೆ ಹಿಂದೆ ಹಿಂದೆ ಹೋಗಿ. ಏನನ್ನೂ ಕೇಳಬೇಡಿ. ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ, ಎಲ್ಲಿ ರಸ್ತೆಯ ಬದಿ ಬದಲಿಸುತ್ತದೆ, ಎಲ್ಲಿ ಮಾತು ನಿಲ್ಲಿಸುತ್ತದೆ ಎಂಬುದನ್ನು ನೋಡಿದರೆ ಸಾಕು.

ಒಂದೆರಡು ಕಡೆ ಕುಕ್ಕರಗಾಲಲ್ಲಿ ಕುಳಿತು ಮಗುವಿನ ಎತ್ತರದಿಂದ ರಸ್ತೆ ನೋಡಿ. ನಿಮಗೆ ಸಲೀಸಾಗಿ ಕಾಣುವ ತಿರುವು ಅದಕ್ಕೆ ಕಾಣುವುದೇ ಇಲ್ಲ. ರಸ್ತೆಯಂಚಿನ ಲಂಟಾನದ ಪೊದೆ, ನಿಲ್ಲಿಸಿದ ಟೆಂಪೊ, ಜಲ್ಲಿಯ ರಾಶಿ ಎಲ್ಲವೂ ಗೋಡೆಗಳಾಗಿರುತ್ತವೆ. ಲಾರಿ ಬರುವುದು ಅದಕ್ಕೆ ತಿಳಿಯುವುದು ಸದ್ದಿನಿಂದ ಮಾತ್ರ.

ಒಂದು ದಿನದಲ್ಲಿ ಏನೂ ಗೊತ್ತಾಗದಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬನ್ನಿ. ಅತ್ತ ದಿನಕ್ಕೊಂದು ಚುಕ್ಕೆ. ಮೂರು ವಾರ ಕಳೆಯುವಷ್ಟರಲ್ಲಿ ಚುಕ್ಕೆಗಳು ಏನನ್ನೋ ಹೇಳತೊಡಗುತ್ತವೆ.

ಬೆಳಿಗ್ಗೆ ಕುಣಿಯುತ್ತಾ ಹೋಗುವ ಮಗು ಸಂಜೆ ಮಾತ್ರ ಅಳುವುದೇಕೆ?

ಹತ್ತರಲ್ಲಿ ಆರು ಸಲ ಕಾರಣ ಹಸಿವು ಎಂಬುದು ನನ್ನ ಅಂದಾಜು. ಬಿಸಿಯೂಟ ಮುಗಿಯುವುದು ಮಧ್ಯಾಹ್ನ ಒಂದರ ಆಸುಪಾಸು, ಶಾಲೆ ಬಿಡುವುದು ನಾಲ್ಕೂಕಾಲು ದಾಟಿದ ಮೇಲೆ. ನಡುವೆ ಆಟದ ಪಿರಿಯಡ್ ಬೇರೆ. ಮೂರೂವರೆ ಗಂಟೆ ಏನೂ ತಿನ್ನದ ಪುಟ್ಟ ಹೊಟ್ಟೆಗೆ ಏರುದಾರಿ ತೋರಿಸಿದರೆ ಅಳು ಬರುವುದು ಸಹಜ. ಚೀಲದ ಹೊರಗಿನ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಇಡಿ. ಹುರಿದ ಶೇಂಗಾ ಮತ್ತು ಬೆಲ್ಲದ ಚೂರು, ಅವಲಕ್ಕಿ, ಒಂದು ಬಾಳೆಹಣ್ಣು, ಬೆಳಗಿನ ರೊಟ್ಟಿಗೆ ತುಪ್ಪ ಸವರಿ ಸುತ್ತಿದ್ದು, ಯಾವುದಾದರೂ ಆದೀತು. "ಗಂಟೆ ಹೊಡೆದ ಮೇಲೆ, ಗೇಟು ದಾಟುವ ಮೊದಲು ತಿನ್ನು" ಎಂದು ಹೇಳಿಕೊಡಿ. ನಡೆಯುತ್ತಾ ತಿನ್ನುವುದು ಬೇಡ, ಶೇಂಗಾ ಗಂಟಲಿಗೆ ಸಿಕ್ಕಿಕೊಂಡೀತು.

ಇನ್ನೊಂದು ಕಾರಣವನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಶಾಲೆಯ ಶೌಚಾಲಯ ಗಲೀಜಾಗಿದ್ದರೆ, ಬಾಗಿಲಿನ ಚಿಲಕ ಮುರಿದಿದ್ದರೆ, ಅವರು ಬೆಳಿಗ್ಗೆಯಿಂದ ಮೂತ್ರ ತಡೆದುಕೊಂಡೇ ಕುಳಿತಿರುತ್ತಾರೆ. ಅದಕ್ಕಾಗಿ ನೀರನ್ನೂ ಕುಡಿಯುವುದಿಲ್ಲ. ಮನೆಗೆ ಬಂದ ತಕ್ಷಣ ಚೀಲ ಎಸೆದು ಬಚ್ಚಲಿಗೆ ಓಡುವ ಮಗುವಿಗೆ ಕಾಲು ನೋವಿಲ್ಲ. ಬಾಟಲಿ ತುಂಬಿದ್ದು ತುಂಬಿದಂತೆಯೇ ವಾಪಸು ಬರುತ್ತಿದ್ದರೆ ಮರುದಿನವೇ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿರಿ. ನಾನೂ ಆ ಕುರ್ಚಿಯಲ್ಲಿ ಕುಳಿತವಳು. ಪೋಷಕರು ಬಂದು ಕೇಳಿದರೆ ಚಿಲಕ ಬೇಗ ಬರುತ್ತದೆ.

ಎಷ್ಟು ದೂರದವರೆಗೆ ನಡೆಸಬಹುದು?

2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಮಾಡಿದ ನಿಯಮಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟನೆಯ ತರಗತಿಯವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆನ್ನುತ್ತವೆ. ಈ ಅಳತೆ ನನಗೆ ಸರಿಯೆನಿಸುತ್ತದೆ. ದೊಡ್ಡವರು ಹನ್ನೆರಡು ನಿಮಿಷದಲ್ಲಿ ಮುಗಿಸುವ ಒಂದು ಕಿಲೋಮೀಟರ್, ಆರು ವರ್ಷದ ಮಗುವಿಗೆ ಇಪ್ಪತ್ತು ನಿಮಿಷದ ದಾರಿ. "ಇಷ್ಟೇ ತಾನೆ, ನಾವು ಐದು ಮೈಲಿ ನಡೆಯುತ್ತಿದ್ದೆವು" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ನಾವು ನಡೆದ ರಸ್ತೆಯಲ್ಲಿ ದಿನಕ್ಕೆ ಎರಡು ಬಸ್ಸು, ನಾಲ್ಕು ಎತ್ತಿನ ಗಾಡಿ ಇದ್ದವು. ಈಗ ಅದೇ ರಸ್ತೆಯಲ್ಲಿ ಮರಳಿನ ಟಿಪ್ಪರ್‌ಗಳು ಓಡುತ್ತವೆ.

ಶಾಲೆ ಅದಕ್ಕಿಂತ ದೂರವಿದ್ದರೆ ಮಗುವಿಗೆ ವಾಹನದ ವ್ಯವಸ್ಥೆ ಅಥವಾ ಸಾರಿಗೆ ಭತ್ಯೆ ಕೊಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರಿ ಬಸ್ಸು ಓಡಾಡುವ ದಾರಿಯಾದರೆ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಸಿಗುತ್ತದೆ. ನಮ್ಮ ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ.

ಚೀಲದ ಭಾರಕ್ಕೆ ಏನು ಮಾಡುವುದು?

ತೂಗಿ ನೋಡಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯಲ್ಲಿ ತೂಗಿಸಿ. ಒಂದು ಮತ್ತು ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಮೂರರಿಂದ ಐದಕ್ಕೆ ಎರಡರಿಂದ ಮೂರು, ಆರರಿಂದ ಎಂಟಕ್ಕೆ ಮೂರರಿಂದ ನಾಲ್ಕು ಎಂದು ಕರ್ನಾಟಕ ಸರ್ಕಾರ 2019ರಲ್ಲೇ ಮಿತಿ ಹಾಕಿದೆ. ಮಗುವಿನ ತೂಕದ ಹತ್ತನೆಯ ಒಂದು ಭಾಗ ಎಂದು ನೆನಪಿಟ್ಟುಕೊಂಡರೆ ಸಾಕು. ಇಪ್ಪತ್ತು ಕಿಲೋದ ಮಗುವಿಗೆ ಎರಡು ಕಿಲೋ.

ಬಹಳ ಸಲ ಭಾರ ಪುಸ್ತಕದ್ದಲ್ಲ. ಒಂದು ಲೀಟರ್ ನೀರೇ ಒಂದು ಕಿಲೋ. ಸ್ಟೀಲ್ ಬಾಟಲಿ, ಎರಡು ಅಂತಸ್ತಿನ ಡಬ್ಬಿ, ದಪ್ಪ ಚೀಲ ಸೇರಿದರೆ ಒಂದು ಪುಸ್ತಕವನ್ನೂ ಇಡುವ ಮೊದಲೇ ಮಿತಿ ಮುಗಿಯುತ್ತದೆ. ಅರ್ಧ ಲೀಟರಿನ ಬಾಟಲಿ ಕೊಟ್ಟು ಶಾಲೆಯಲ್ಲೇ ತುಂಬಿಸಿಕೊಳ್ಳಲು ಹೇಳಿ. ಎರಡೂ ಪಟ್ಟಿಗಳನ್ನು ಬಿಗಿ ಮಾಡಿ, ಚೀಲ ಬೆನ್ನಿಗೆ ಅಂಟಿಕೊಂಡಿರಲಿ. ಅದು ಸೊಂಟದ ಕೆಳಗೆ ಜೋಲುತ್ತಿದ್ದರೆ ಎರಡು ಕಿಲೋ ನಾಲ್ಕರಂತೆ ಎಳೆಯುತ್ತದೆ.

ವಾರಕ್ಕೊಮ್ಮೆ ಚೀಲವನ್ನು ಮಗುವಿನ ಎದುರೇ ನೆಲಕ್ಕೆ ಸುರಿಯಿರಿ. ನನ್ನ ಮಗನ ಚೀಲದ ತಳದಲ್ಲಿ ಒಮ್ಮೆ ಹೊಳೆಯ ಕಲ್ಲುಗಳು ಸಿಕ್ಕವು, ಹದಿನೇಳು. ಎಸೆಯುವುದು ಬೇಡವೆಂದು ಬೇಡಿಕೊಂಡ. ಜಗಲಿಯ ಮೂಲೆಯಲ್ಲಿ ಅವಕ್ಕೆ ಜಾಗ ಮಾಡಿಕೊಟ್ಟೆ.

ಕಾಲು ನೋವನ್ನು ಯಾವಾಗ ವೈದ್ಯರಿಗೆ ತೋರಿಸಬೇಕು?

ಸಂಜೆ ಅಥವಾ ರಾತ್ರಿ ಎರಡೂ ಕಾಲುಗಳ ಮೀನಖಂಡ, ತೊಡೆ ನೋಯುವುದು, ಎಣ್ಣೆ ತಿಕ್ಕಿದರೆ ಕಡಿಮೆಯಾಗುವುದು, ಬೆಳಿಗ್ಗೆ ಏನೂ ಆಗದಂತೆ ಓಡಾಡುವುದು, ಇದು ಬೆಳೆಯುವ ಮಕ್ಕಳಲ್ಲಿ ಸಾಮಾನ್ಯ. ಆದರೆ ಒಂದೇ ಕಾಲು ನೋಯುತ್ತಿದ್ದರೆ, ಕೀಲು ಊದಿದ್ದರೆ, ಕುಂಟುತ್ತಿದ್ದರೆ, ಜ್ವರವಿದ್ದರೆ, ಬೆಳಿಗ್ಗೆ ಏಳುವಾಗಲೇ ನೋವಿದ್ದರೆ ಕಾಯಬೇಡಿ. ನಡೆದರೆ ಬೇಗ ಏದುಸಿರು ಬರುವ, ಮುಖ ಬಿಳಿಚಿಕೊಂಡಿರುವ ಮಗುವಿಗೆ ರಕ್ತಹೀನತೆ ಇದೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಶೂ ತೆಗೆಸಿ ಪಾದವನ್ನೂ ನೋಡಿ. ಜೂನ್‌ನಲ್ಲಿ ಸರಿಯಾಗಿದ್ದ ಶೂ ಜನವರಿಗೆ ಬೆರಳು ಕಚ್ಚುತ್ತಿರುತ್ತದೆ.

"ಪಕ್ಕದ ಮನೆಯವನು ವ್ಯಾನಿನಲ್ಲಿ ಹೋಗುತ್ತಾನೆ, ನಾನು ಮಾತ್ರ ಯಾಕೆ ನಡೆಯಬೇಕು?" ಎಂದರೆ?

ನಿಜ ಹೇಳಿ. "ವ್ಯಾನಿಗೆ ಕೊಡುವಷ್ಟು ದುಡ್ಡು ಈಗ ನಮ್ಮಲ್ಲಿಲ್ಲ" ಎಂಬುದು ಮಗುವಿಗೆ ಅರ್ಥವಾಗುವ ಮಾತು. ನಡಿಗೆಯಿಂದ ಆರೋಗ್ಯ, ಪರಿಸರ ಎಂದೆಲ್ಲ ಉಪದೇಶ ಶುರುಮಾಡಿದರೆ ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ ಎಂದು ಅದಕ್ಕೆ ಗೊತ್ತಾಗುತ್ತದೆ. ಹೋಲಿಕೆಯ ನೋವಿಗೆ ಮದ್ದು ಜೊತೆ. ಅದೇ ದಿಕ್ಕಿನಲ್ಲಿ ಹೋಗುವ ಇನ್ನೂ ಮೂವರು ಮಕ್ಕಳನ್ನು ಹುಡುಕಿ, ಅವರ ಅಮ್ಮಂದಿರ ಜೊತೆ ಮಾತನಾಡಿ ಒಂದು ಗುಂಪು ಮಾಡಿ. ಗುಂಪು ಕೂಡಿದ ಮೇಲೆ ವ್ಯಾನಿನ ಮಾತು ತಾನಾಗಿ ನಿಂತದ್ದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ದಾರಿಯಲ್ಲಿ ನಾಯಿಗಳಿವೆ. ಹೆದರುತ್ತಾನೆ.

ಹೆದರಬೇಡ ಎಂದರೆ ಹೆದರಿಕೆ ಹೋಗುವುದಿಲ್ಲ, ಏನು ಮಾಡಬೇಕೆಂದು ಕಲಿಸಿದರೆ ಹೋಗುತ್ತದೆ. ಅಂಗಳದಲ್ಲಿ ನೀವೇ ನಾಯಿಯಾಗಿ ಅಭ್ಯಾಸ ಮಾಡಿಸಿ. ಓಡಬಾರದು, ಕಿರುಚಬಾರದು, ಕಲ್ಲೆಸೆಯಬಾರದು. ಮರದ ಹಾಗೆ ನಿಲ್ಲಬೇಕು, ಕೈ ಎದೆಯ ಮೇಲೆ, ಕಣ್ಣು ನೆಲದ ಮೇಲೆ. ನಾಯಿ ಮೂಸಿ ಹೋದ ಮೇಲೆ ನಿಧಾನವಾಗಿ ಹಿಂದೆ ಸರಿಯಬೇಕು. ಮರಿ ಹಾಕಿದ ನಾಯಿಯ ಹತ್ತಿರ ಸುಳಿಯಲೇಬಾರದು. ಕೈಯಲ್ಲಿ ತಿಂಡಿ ಇರಬಾರದು.

ಕಚ್ಚಿದರೆ, ಗೀರಿದರೂ ಸರಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ. ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಹೇಳಿದ ದಿನಗಳಂದು ಎಲ್ಲ ಸುತ್ತುಗಳನ್ನೂ ಮುಗಿಸಬೇಕು. ಇನ್ನೊಂದು ಮುಖ್ಯ ವಿಷಯ: "ನಾಯಿ ಕಚ್ಚಿದರೆ ಬೈಯುವುದಿಲ್ಲ, ಹೇಳಬೇಕು" ಎಂದು ಮೊದಲೇ ತಿಳಿಸಿಡಿ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಮಳೆಗಾಲದಲ್ಲಿ ಏನು ಮಾಡುವುದು?

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಡೆ ಛತ್ರಿ ಮಕ್ಕಳನ್ನು ಕಾಯುವುದಿಲ್ಲ, ಮಕ್ಕಳೇ ಛತ್ರಿಯನ್ನು ಕಾಯಬೇಕು. ಗಾಳಿಗೆ ಅದು ಮಗುಚಿಕೊಂಡಾಗ ಮಗುವಿನ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಚೀಲದ ಸಮೇತ ಮುಚ್ಚುವ, ಎದ್ದು ಕಾಣುವ ಹಳದಿಯದೋ ಕಿತ್ತಳೆಯದೋ ರೈನ್‌ಕೋಟ್ ಮೇಲು. ನೆಂದು ಮುದ್ದೆಯಾದ ಕಾಲುಚೀಲದಲ್ಲಿ ಇಡೀ ದಿನ ಕುಳಿತ ಕಾಲು ಸಂಜೆ ನೋಯದೆ ಇರುತ್ತದೆಯೇ? ಹಿಂಬದಿ ಪಟ್ಟಿಯಿರುವ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಬರಲು ಅನುಮತಿ ಕೇಳಿ. ಕೇಳಿದರೆ ಇಲ್ಲವೆನ್ನುವ ಶಿಕ್ಷಕರು ಕಡಿಮೆ.

ಇಂಬಳಕ್ಕೆ (ಜಿಗಣೆಗೆ) ಹೆದರುವ ಮಕ್ಕಳಿಗೆ ಹೊರಡುವ ಮೊದಲು ಕಾಲಿಗೆ ಬೇವಿನೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಸವರಿ. ಕಚ್ಚಿಕೊಂಡದ್ದನ್ನು ಎಳೆಯುವುದು ಬೇಡ, ಚಿಟಿಕೆ ಉಪ್ಪು ಸಾಕು. ಚೀಲದಲ್ಲಿ ಉಪ್ಪಿನ ಪೊಟ್ಟಣ ಇದ್ದರೆ ಮಗು ಅರ್ಧ ಧೈರ್ಯಸ್ಥ.

ಆದರೆ ಕಾಲುಸಂಕದ, ಅಂದರೆ ಹಳ್ಳ ದಾಟುವ ಕಿರುಸೇತುವೆಯ ವಿಚಾರದಲ್ಲಿ ಧೈರ್ಯದ ಮಾತೇ ಬೇಡ. 2022ರ ಆಗಸ್ಟ್‌ನಲ್ಲಿ ಬೈಂದೂರು ಕಡೆ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಮಗುವೊಂದು ಕಾಲುಸಂಕದಿಂದ ತುಂಬಿದ ಹಳ್ಳಕ್ಕೆ ಬಿದ್ದು ತೀರಿಹೋಯಿತು. ಆ ಸುದ್ದಿ ಓದಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನೀರು ಕೆಂಪಾಗಿ ಏರಿದ ದಿನ ಅಡಿಕೆ ದಬ್ಬೆಯ ಸಂಕದ ಮೇಲೆ ಮಗು ಒಂಟಿಯಾಗಿ ಕಾಲಿಡಬಾರದು. ದೊಡ್ಡವರೊಬ್ಬರು ಸಂಕದ ಹತ್ತಿರ ಕಾಯಬೇಕು, ಆಗದಿದ್ದರೆ ಮಗು ಶಾಲೆಯ ಪಕ್ಕದ ಮನೆಯಲ್ಲೇ ಉಳಿಯಬೇಕು. ಆ ಮನೆ ಯಾವುದು ಎಂಬುದನ್ನು ಮೇ ತಿಂಗಳಲ್ಲೇ ಮಾತನಾಡಿ ಗೊತ್ತುಮಾಡಿಟ್ಟುಕೊಳ್ಳಿ. ಜಿಲ್ಲಾಧಿಕಾರಿಗಳು ರಜೆ ಘೋಷಿಸದಿದ್ದರೂ, ನಿಮ್ಮ ಹಳ್ಳ ತುಂಬಿದ್ದರೆ ಮಗುವನ್ನು ಮನೆಯಲ್ಲೇ ಇರಿಸಿಕೊಂಡು ಶಿಕ್ಷಕರಿಗೆ ಫೋನ್ ಮಾಡಿ. ಒಂದು ದಿನದ ಪಾಠ ಮತ್ತೆ ಮಾಡಬಹುದು.

ಯಾರೋ ಚುಡಾಯಿಸುತ್ತಾರೆ, ಹಿಂಬಾಲಿಸುತ್ತಾರೆ ಎನ್ನುತ್ತಾಳೆ. ಕಲ್ಪನೆ ಇರಬಹುದೇ?

ನಂಬಿ. ಮೊದಲು ನಂಬಿ, ಆಮೇಲೆ ವಿಚಾರಿಸಿ. "ನೀನೇ ಏನೋ ಮಾಡಿರಬೇಕು" ಎಂಬ ಒಂದು ವಾಕ್ಯ ಸಾಕು, ಮಗು ಮತ್ತೆಂದೂ ನಿಮ್ಮ ಬಳಿ ಬಾಯಿ ಬಿಡುವುದಿಲ್ಲ. ಅಂದಿನಿಂದಲೇ ಒಂಟಿಯಾಗಿ ಕಳುಹಿಸುವುದನ್ನು ನಿಲ್ಲಿಸಿ, ಶಾಲೆಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098, ತುರ್ತು ಸಂಖ್ಯೆ 112, ಎರಡನ್ನೂ ಮಗುವಿಗೆ ಬಾಯಿಪಾಠ ಮಾಡಿಸಿ. ಯಾರಾದರೂ ಮೈ ಮುಟ್ಟಿದ್ದಾರೆ ಎಂದರೆ ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಊರಿನ ಹಿರಿಯರ ರಾಜಿ ಪಂಚಾಯಿತಿಗೆ ಒಪ್ಪಿಸುವ ಸಂಗತಿಯಲ್ಲ, ಪೊಲೀಸರಿಗೆ ದೂರು ಕೊಡಿ.

ದಾರಿಯಲ್ಲಿ ಮಗು ನುಗ್ಗಬಹುದಾದ ಎರಡು ಮೂರು ಜಾಗಗಳನ್ನು ಗೊತ್ತುಮಾಡಿ: ಹಾಲಿನ ಡೇರಿ, ಅಂಗನವಾಡಿ, ಪರಿಚಯದ ಅಂಗಡಿ. ಅಲ್ಲಿನವರಿಗೂ ಹೇಳಿಡಿ.

ಯಾವ ವಯಸ್ಸಿಗೆ ಒಂಟಿಯಾಗಿ ಬಿಡಬಹುದು?

ದೊಡ್ಡ ರಸ್ತೆ ದಾಟುವುದಿದ್ದರೆ ಹತ್ತು ವರ್ಷದವರೆಗೆ ನಾನು ಬಿಡುವುದಿಲ್ಲ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ವಾಹನದ ವೇಗ ಅಂದಾಜು ಮಾಡಲು ಬರುವುದಿಲ್ಲ, ದೂರದಲ್ಲಿದೆ ಎಂದರೆ ನಿಧಾನವಾಗಿದೆ ಎಂದುಕೊಳ್ಳುತ್ತಾರೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ ನಡೆಯಲು ಕಲಿಸಿ.

ನಮ್ಮ ಮಾವನವರು ಚೀಲ ತಾವೇ ಹೊತ್ತು, ಪೆಪ್ಪರ್‌ಮೆಂಟ್ ಕೊಡಿಸಿ ಕರೆತರುತ್ತಾರೆ. ಮುದ್ದು ಅತಿಯಾಯಿತೇ?

ಇರಲಿ ಬಿಡಿ. ಅಜ್ಜನ ಬೆರಳು ಹಿಡಿದು ಬರುವ ಸಂಜೆಗಳು ಎಷ್ಟು ವರ್ಷ ಇರುತ್ತವೆ? ಪೆಪ್ಪರ್‌ಮೆಂಟಿನ ಬದಲು ಕಡಲೆಮಿಠಾಯಿ ಕೊಡಿಸಲು ಹೇಳಿ, ನೀರಿನ ಬಾಟಲಿ ಮೊಮ್ಮಗನ ಕೈಯಲ್ಲೇ ಇರಲಿ.

ನಡೆಯಲು ತಕರಾರಿಲ್ಲ, ಬರುವುದೇ ತಡ. ಇಪ್ಪತ್ತು ನಿಮಿಷದ ದಾರಿಗೆ ಒಂದು ಗಂಟೆ.

ಏಪ್ರಿಲ್‌ ಹತ್ತಿರವಾಯಿತೇ? ಹಾಗಾದರೆ ಕವಳಿ, ಗೇರು, ಚೂರಿಹಣ್ಣಿನ ಕಾಲ. ನಾಲಿಗೆ ಹೊರಚಾಚಿಸಿ ಬಣ್ಣ ನೋಡಿದರೆ ಎಲ್ಲಿ ನಿಂತಿದ್ದ ಎಂಬುದು ತಿಳಿಯುತ್ತದೆ. ಬೈಯುವ ಬದಲು ಹೊತ್ತು ಗೊತ್ತುಮಾಡಿ: "ಐದೂಕಾಲಿಗೆ ಜಗಲಿ ಹತ್ತಿರಬೇಕು." ಗುರುತಿಲ್ಲದ ಹಣ್ಣು ತಿನ್ನಬಾರದು, ಕೆರೆಗೆ ಇಳಿಯಬಾರದು, ಈ ಎರಡರಲ್ಲಿ ಸಡಿಲ ಬೇಡ. ಉಳಿದದ್ದಕ್ಕೆ ಅಡ್ಡ ಬರಬೇಡಿ. ಶಾಲೆ ಮತ್ತು ಹೋಂವರ್ಕ್ ನಡುವೆ ಯಾರೂ ಏನನ್ನೂ ಹೇಳಿಕೊಡದ ಗಂಟೆ ಅದೊಂದೇ.

ಮಗು ಹೇಳುವುದು ಸರಿಯೇ ಇದೆ, ದಾರಿಯೇ ಕೆಟ್ಟಿದೆ. ಆಗ?

ಆಗ ಸಮಾಧಾನ ಹೇಳಬೇಕಾದದ್ದು ಮಗುವಿಗಲ್ಲ, ದುರಸ್ತಿ ಆಗಬೇಕಾದದ್ದು ದಾರಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರೇ ಇರುತ್ತಾರೆ. ಅಲ್ಲಿ ವಿಷಯ ಎತ್ತಿ, ಫೋಟೊ ಸಮೇತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯಬೇಕು. ಬಹಳ ಕಡೆ ಅದು ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಹಾಗಾಗಲು ಬಿಡಬೇಡಿ. ಮಗು ತಾನೇ ಮಾತನಾಡುವಂತೆ ಮನೆಯಲ್ಲಿ ತಯಾರಿ ಮಾಡಿಸಿ.

ನಾನು ಕೊನೆಯ ಬಾರಿ ಹೋದ ಸಭೆಯಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್ಕಿನ ಹಾಳೆ, ಅದರಲ್ಲಿ ದಾರಿಯ ಚಿತ್ರ. ಮೋರಿಯ ಚಪ್ಪಡಿ ಒಡೆದ ಜಾಗಕ್ಕೆ ಕೆಂಪು ಬಣ್ಣ ಬಳಿದಿದ್ದಳು. "ಇಲ್ಲಿ ನಾನು ದಿನಾ ಹಾರುತ್ತೇನೆ. ನನ್ನ ತಮ್ಮನಿಗೆ ಹಾರಲು ಬರುವುದಿಲ್ಲ, ಅವನು ಮುಂದಿನ ವರ್ಷ ಶಾಲೆಗೆ ಸೇರುತ್ತಾನೆ" ಎಂದು ಹೇಳಿ ಕುಳಿತಳು. ಅಧ್ಯಕ್ಷರು ಆ ಹಾಳೆಯನ್ನು ಕೇಳಿ ಇಸಿದುಕೊಂಡರು. ಮೇ ಕೊನೆಯ ವಾರದಲ್ಲಿ ಹೊಸ ಚಪ್ಪಡಿ ಬಿತ್ತು. ತಿರುವಿಗೆ ಕೇಳಿದ್ದ ಬೀದಿದೀಪ ಇನ್ನೂ ಬಂದಿಲ್ಲ, ಈ ವರ್ಷ ಮತ್ತೆ ಕೇಳುತ್ತಾಳಂತೆ.